ಒಂಟಿ ತುದಿಯ ಗೆರೆ

ಲೆಂಬಾತಾ ದ್ವೀಪದ ತೆಂಕಣ ದಂಡೆಯಲ್ಲಿ
ನಾನು ಬರೀ ದುಭಾಷಿ, ದಿನಗೂಲಿಯವನು.
ಕುಪಾಂಗಿನಿಂದ ಹಡಗಲ್ಲಿ ವಾಂತಿ ಮಾಡುತ್ತ ಬಂದೆ,
ಹೆನ್ರಿಕೆ ಮೇಡಂ ಅವರ ಒಂದೇ ಪ್ರಶ್ನೆಯನ್ನು
ಎಂಬತ್ತೊಂದು ಹೊಸ್ತಿಲಲ್ಲಿ ಕೇಳಲು:
ಹೋದ ವಾರ ನಿಮಗೆ ಯಾರ ಮನೆಯಿಂದ ಮೀನು ಬಂತು?
ನಿಮ್ಮ ಮನೆಯಿಂದ ಯಾರಿಗೆ ಹೋಯಿತು?

ರಾತ್ರಿ ಜನರೇಟರು ಗೊರಗೊರ ಎನ್ನುವ ಎರಡು ತಾಸು
ಮನೆಗಳೆಲ್ಲ ಚುಕ್ಕಿ, ಮೀನೆಲ್ಲ ಗೆರೆ.
ಈಟಿ ಎಸೆಯುವ ಗಾಬ್ರಿಯೆಲ್ಲನ ಸುತ್ತ
ಕಾಗದ ಹರಿಯುವಷ್ಟು ಶಾಯಿ.
ಮೂಲೆಯಲ್ಲಿ ಯೊವಿತಾ. ಗಂಡ ಕಡಲಿನ ಪಾಲು.
ಅವಳಿಗೆ ಒಂದೇ ಗೆರೆ, ಅದೂ ಸಪೂರ.

ಆಮೇಲೆ ಆಟ. ಹತ್ತು ಲವಂಗದ ಸಿಗರೇಟು.
ಊರಿನ ಇನ್ನೊಬ್ಬರಿಗೆ ಎಷ್ಟು ಕೊಡುವೆ, ಹೇಳು.
ಯಾರೆಂದು ಹೇಳುವುದಿಲ್ಲ.
ಅವರು ಬೇಡವೆಂದರೆ ಇಬ್ಬರಿಗೂ ಇಲ್ಲ.
ಐದು, ಅಂದರು. ಐದು. ಆರು. ಐದು.
ಮುದುಕ ಲಾಂಬೆರ್ತುಸ್ ಎಂಟು ಎಂದು ಕೆಮ್ಮಿದ,
ಸೇದಬಾರದು ಅಂದಿದ್ದಾಳಂತೆ ನರ್ಸು.
"ಗೊತ್ತೇ ಇಲ್ಲದವರಿಗೆ ಇಷ್ಟೇಕೆ?" ಮೇಡಂ ನನ್ನಿಂದ ಕೇಳಿಸಿದರು.
ಗಾಬ್ರಿಯೆಲ್ ನನ್ನನ್ನೇ ನೋಡಿದ, ಅನುವಾದ ತಪ್ಪಿತೇನೋ ಎಂಬಂತೆ:
"ಗೊತ್ತಿಲ್ಲದವರು ಈ ಊರಲ್ಲಿ ಎಲ್ಲಿದ್ದಾರೆ?"

ತಿಮಿಂಗಿಲ ದಂಡೆಗೆ ಬಂದ ದಿನ ನೋಡಿದೆ.
ಕತ್ತಿ ತಾಗುವ ಮೊದಲೇ ಅದರ ಮೈಮೇಲೆ ಗೆರೆಗಳಿದ್ದವು,
ಕಣ್ಣಿಗೆ ಕಾಣದ್ದು, ಅಜ್ಜಂದಿರು ಎಳೆದದ್ದು:
ಇದು ಹುಟ್ಟು ಹಾಕಿದವನದು, ಇದು ಗರಿಯ ಹಾಯಿ ಹೆಣೆದವಳದು,
ಇದು ದೋಣಿ ಕಟ್ಟಿ ಸತ್ತವನ ಮೊಮ್ಮಗನದು.
ಬೈದಾಡಿಕೊಂಡೇ ಹಂಚಿದರು.
ಧಾರಾಳಿಗಳೆಂದು ಯಾರಿಗೂ ಅನಿಸಲಿಲ್ಲ, ನನಗೂ.
ಒಂದು ಚೂರು ಹೆಚ್ಚು ಕುಯ್ಯಹೋದವನ ಕಡೆ
ನಲವತ್ತು ಜೋಡಿ ಕಣ್ಣು ತಿರುಗಿದವು, ಅಷ್ಟೆ.
ಕತ್ತಿ ತಾನಾಗಿ ಹಿಂದೆ ಸರಿಯಿತು.

ಮೇಡಂ ಅವರ ಕಂಪ್ಯೂಟರಿನಲ್ಲೂ ಒಂದು ಊರಿದೆ.
ಕೊಡುವವರು ನೀಲಿ, ಬಾಚುವವರು ಕೆಂಪು.
ಒಂಟಿ ನೀಲಿಯನ್ನು ಕೆಂಪಿನ ನಡುವೆ ಇಟ್ಟರೆ
ಮೂರನೇ ಸುತ್ತಿಗೆ ಆರಿಹೋಗುತ್ತದೆ.
ನಾಲ್ಕು ನೀಲಿ ಒತ್ತಿ ಕೂತರೆ, ಒಬ್ಬರ ಬೆನ್ನಿಗೆ ಒಬ್ಬರು,
ನೂರು ಸುತ್ತಾದರೂ ಉಳಿಯುತ್ತವೆ,
ಅಂಚು ದಾಟಿ ಹಬ್ಬುವುದೂ ಉಂಟು.
ಎಲ್ಲರನ್ನೂ ಎಲ್ಲರಿಗೂ ಕಟ್ಟಿದರೆ ಮತ್ತೆ ಕೆಂಪು.
"ಮನಸ್ಸು ಅದೇ," ಅಂದರು, "ನೆರೆಹೊರೆ ಬೇರೆ."
ಯೊವಿತಾ? ಅಂದೆ. ಗುಂಡಿ ಒತ್ತಿದರು.
ಎರಡನೇ ಸುತ್ತು.

ಮರುದಿನ ಅವಳ ಹಿಂದೆ ಗುಡ್ಡ ಹತ್ತಿದೆ.
ತಲೆಯ ಮೇಲೆ ಬುಟ್ಟಿ, ಒಣಮಾಂಸದ ವಾಸನೆಯೇ ದಾರಿ.
ನಾಲ್ಕು ತಾಸು. ಮೋಡದೊಳಗಿನ ಊರಿನಲ್ಲಿ
ಎದೆಲ್‌ತ್ರೂದಿಸ್ ಎಂಬವಳು ಎದ್ದು ಬಂದು
ಒಂದು ತುಂಡಿಗೆ ಹನ್ನೆರಡು ಜೋಳದ ತೆನೆ ಎಣಿಸಿ
ಹದಿಮೂರನೆಯದನ್ನು ಎಣಿಸದೆ ಹಾಕಿದಳು.
ಆಚೆ ಮನೆ, ಅದರಾಚೆ ಮನೆ, ಬಾವಿಯ ಹತ್ತಿರದ್ದು...
ನಮ್ಮ ಕಾಗದ ಮುಗಿದಲ್ಲಿ ಅವಳ ಗೆರೆಗಳು ಶುರುವಾಗಿದ್ದವು.

ಇನ್ನು ನನ್ನದು. ಹೇಳಿಬಿಡುತ್ತೇನೆ.
ಆಟದಲ್ಲಿ ಉಳಿದ ಹದಿನೇಳು ಸಿಗರೇಟು
ನನ್ನ ಜೇಬಿನಲ್ಲಿದ್ದವು, ಲೆಕ್ಕದಲ್ಲಿ ಇರಲಿಲ್ಲ.
ನಾನು ಯಾವ ಚುಕ್ಕಿಯೂ ಅಲ್ಲವಲ್ಲ.
ಕುಪಾಂಗಿನ ಬಾಡಿಗೆ ಕೋಣೆಯಲ್ಲಿ, ಗೋಡೆಯಾಚೆ
ರಾತ್ರಿಯಿಡೀ ಕೆಮ್ಮುವವನ ಹೆಸರು ಮೂರು ವರ್ಷಕ್ಕೂ ಗೊತ್ತಿಲ್ಲ;
ಅಲ್ಲಿ ಕೇಳಿದ್ದರೆ ಎರಡು ಎನ್ನುತ್ತಿದ್ದೆ, ಒಂದು ಎನ್ನುತ್ತಿದ್ದೆ.
ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ:
ಅಲ್ಲಿ ಅಕ್ಕಿಯೊಂದೇ ಇತ್ತು.

ಹನ್ನೊಂದನೇ ಬೆಳಗು ನನ್ನ ಬಾಗಿಲಲ್ಲಿ
ತಾಳೆಗರಿಗೆ ಪೋಣಿಸಿದ ಎರಡು ಹಾರುಮೀನು.
ಯಾರಿಟ್ಟದ್ದು? ಹೊಸ್ತಿಲು ಹೊಸ್ತಿಲಲ್ಲಿ ಕೇಳಿದೆ,
ನನ್ನದೇ ಹಳೆಯ ಪ್ರಶ್ನೆ. ನಗುತ್ತಾರೆ.
"ತಿನ್ನು ಮಾರಾಯ, ಕೆಟ್ಟುಹೋಗುತ್ತೆ."
ಮೇಡಂ ಪುಸ್ತಕ ತೆರೆದರು. ಕೊಟ್ಟವರು?
ಖಾಲಿ ಬಿಡಿ, ಅಂದೆ.
ಪಡೆದವರು?
ನನ್ನ ಹೆಸರು ಹೇಳಿದೆ.
ಕಾಗುಣಿತ ಹೇಗೆ, ಎಂದರು.

ಒಂದನ್ನು ಸುಟ್ಟು ತಿಂದಿದ್ದೇನೆ. ಇನ್ನೊಂದನ್ನು ಹಿಡಿದು
ಓಣಿಯಲ್ಲಿ ನಿಂತಿದ್ದೇನೆ, ಜೇಬಿನಲ್ಲಿ ಹದಿನೇಳು.
ನೊಣ ಮುತ್ತುತ್ತಿವೆ. ಎಂಬತ್ತೊಂದು ಬಾಗಿಲು.
ಬಿಸಿಲು ಏರುತ್ತಿದೆ,
ಮೀನು ಕಾಯುವುದಿಲ್ಲ.